ವ್ಯಾನ್ ಡ್ರೈವರ್ ಹೊಟ್ಟೇಲಿದ್ದ ಹಚ್ಚೆ

ಬಾಟ್ಲು ಅಲ್ಲಾಡ್ಸಿದೆ, ಗುಳುಗುಳು ಅನ್ಲಿಲ್ಲ. ಬೆಳಕಿಗೆ ಹಿಡಿದೆ. ತಳದಾಗೆ ಮಾಂಸ ಕೆಡದಂಗಿಡೋ ಫಾರ್ಮಾಲಿನ್ ಒಂದ್ ಬೆರಳಷ್ಟಿತ್ತು, ಮಾಂಸದ ತುಂಡು ಮಾತ್ರ ಕಾಣ್ಲಿಲ್ಲ. ಮುಚ್ಚಳ ತಿರುವಿ ನೋಡ್ತೀನಿ, ಎಳ್ಳುಕಾಳಿನಂಥ ತುಂಡುಗಳು ಮುಚ್ಚಳದ ಒಳಮೈಗೆ ಅಂಟ್ಕಂಡು ಒಣಗ್ಬುಟ್ಟವೆ. ಬಾಟ್ಲು ಮ್ಯಾಲೆ ಬರ್ದಿದ್ದ ಹೆಸ್ರು ಓದಿದೆ. ತಂದು ಟೇಬಲ್ ಮ್ಯಾಲೆ ಇಟ್ಟೋನ ಹೆಸ್ರೇ ಅದು.

ಹೆಸ್ರು ಇಲ್ಲಿ ಒತ್ತಲ್ಲ. ಮೊಮ್ಮಗಳು ಫೋನ್ನಾಗೆ ಕನ್ನಡ ಒತ್ತೋದು ಕಲ್ಸವ್ಳೆ ಅಂತ ಊರೋರ ಹೆಸ್ರೆಲ್ಲ ಒತ್ತಕ್ಕಾಯ್ತದಾ? ಅವ್ನು ವ್ಯಾನ್ ಡ್ರೈವರ್. ಮನೆ ಕಲ್ಯಾಣದುರ್ಗ. ಬೆಳಿಗ್ಗೆ ಖಾಲಿ ವ್ಯಾನ್ನಾಗೆ ಹಿಂದೂಪುರಕ್ಕೆ ಬಂದು ಔಷಧಿ ಡಬ್ಬ ತುಂಬ್ಕಂಡು ಹೋಗಿ ಅಲ್ಲಿ ಮೆಡಿಕಲ್ ಸ್ಟೋರ್‌ಗಳಿಗೆ ಇಳಿಸ್ತಾನೆ. ಬರೋವಾಗ ಅಲ್ಲಿನ ಎಂಡೋಸ್ಕೋಪಿ ಡಾಕ್ಟ್ರು ಜನ್ರ ಹೊಟ್ಟೆಯಿಂದ ಚಿವುಟಿ ತೆಗ್ದ ತುಂಡುಗಳ್ನ ಬಾಟ್ಲಲ್ಲಿ ಕೊಡ್ತಾರೆ, ನಮ್ ಲ್ಯಾಬಿಗೆ ತರ್ತಾನೆ. ಆ ತುಂಡನ್ನ ಮೇಣದಾಗೆ ಕೂರ್ಸಿ, ಬ್ಲಾಕ್ ಮಾಡಿ, ತೆಳ್ಳಗೆ ಕೊಯ್ದು ಗಾಜಿನ ಮ್ಯಾಲೆ ಹಾಸೋದು ನನ್ ಕೆಲ್ಸ. ಗಾಜು ನೋಡಿ ರೋಗ ಹೇಳೋದು ನಮ್ ಡಾಕ್ಟರಮ್ಮ. ನನ್ ಮಗಳ ವಯಸ್ಸು, ನನ್ ಅತ್ತೆ ಬಾಯಿ.

"ಏನ್ಲಾ, ನಿನ್ ಹೊಟ್ಟೆ ನೀನೇ ಹೊತ್ಕಂಡ್ ಬಂದ್ಬುಟ್ಟಾ?" ಅಂದೆ.

"ಬೇರೆ ಯಾರ್ನ ನಂಬ್ಲಿ ಅವ್ವಾ?" ಅಂದು ನಕ್ಕ. ನಗೋವಾಗ ಪ್ಯಾಂಟ್ ಜಾರ್ತಿತ್ತು, ಕೈಯಾಗೆ ಹಿಡ್ಕಂಡ. ಬೆಲ್ಟಿಗೆ ಮೊಳೆಯಾಗೆ ಹೊಸ ತೂತು ಹೊಡ್ದವ್ನೆ. ಅದನ್ನ ನೋಡಿ ನನ್ ನಗು ಅಲ್ಲೇ ನಿಂತೋಯ್ತು.

ಅವ್ನ ಹೊಟ್ಟೆ ನಮ್ಗೆ ಹೊಸದಲ್ಲ. ಕೆಲವು ವರ್ಷದ ಹಿಂದೆ ಉರಿ ಉರಿ ಅಂತ ಬಂದಿದ್ದ. ಆವಾಗ ಡಾಕ್ಟರಮ್ಮ ಗಾಜು ನೋಡಿ ಲಿಂಫೋಮಾ ಅಂದಿದ್ಲು, ಬಿಳಿ ಕಣದ ಕ್ಯಾನ್ಸರ್. ಹೊಟ್ಟೆಯಾಗೆ ಒಂದು ಕ್ರಿಮಿ ಮನೆ ಮಾಡ್ಕಂಡಿತ್ತು. ಅದನ್ನ ಓಡ್ಸಕ್ಕೆ ಅಂತ ರಕ್ತದ ಬಿಳಿ ಕಣಗಳು ಬಂದು ಸೇರ್ಕಂಡಿದ್ವು. ಸೇರ್ದೋವು ವಾಪಸ್ ಹೋಗ್ದೆ ಅಲ್ಲೇ ಹೆಚ್ಕಂಡ್ಬುಟ್ಟಿದ್ವು. ಅದ್ರಾಗೆ ಒಂದು ಅದೃಷ್ಟ ಅಂದ್ರೆ, ಅವುಕ್ಕೆ ಕ್ರಿಮಿ ಇದ್ರೇನೇ ಹೊಟ್ಟೆಪಾಡು. ಕ್ರಿಮಿ ಕೊಲ್ಲೋ ಮಾತ್ರೆ ಕೊಟ್ರು, ಕ್ರಿಮಿ ಹೋಯ್ತು, ಗಂಟೂ ಕರಗೋಯ್ತು. ಆಮ್ಯಾಕೆ ತೆಗ್ದ ತುಂಡಿನಾಗೆ ಏನೂ ಕಾಣ್ಲಿಲ್ಲ. ಬರೀ ಮಾತ್ರೆಯಾಗೆ ಕ್ಯಾನ್ಸರ್ ಕರಗೈತೆ ಅಂತ ಅವ್ನು ನಮ್ ಲ್ಯಾಬಿಗೆಲ್ಲ ತಾಟಿನಿಂಗು ತಂದು ಹಂಚಿದ್ದ.

ಈಗ ಆ ಉರಿ ಮತ್ತೆ ಬಂದೈತೆ.

ಮುಚ್ಚಳದಿಂದ ತುಂಡು ಬಿಡ್ಸಿ, ಹೊಸ ಫಾರ್ಮಾಲಿನ್ನಾಗೆ ನೆನೆಹಾಕಿ, ಸ್ಪಿರಿಟ್ಟು, ಜೈಲೀನು, ಮೇಣ ಎಲ್ಲಾ ದಾಟ್ಸಿ ಕೊಯ್ದೆ. ಒಣಗಿದ ತುಂಡು ಹಪ್ಪಳದಂಗೆ ಪುಡಿ ಪುಡಿ. ಡಾಕ್ಟರಮ್ಮ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಸುಮಾರು ಹೊತ್ತು ಕೂತ್ಕಂಡ್ಲು.

"ಹಳೇ ಸಣ್ಣ ಕಣನೂ ಅವೆ, ದೊಡ್ಡ ಕಣನೂ ಅವೆ. ದೊಡ್ಡೋವು ಅಲ್ಲೊಂದು ಇಲ್ಲೊಂದಾ, ಗುಂಪಾಗೇ ಅವೆಯಾ, ಈ ಪುಡಿಯಾಗೆ ಹೇಳಕ್ಕಾಗಲ್ಲ," ಅಂದ್ಲು. ದೊಡ್ಡೋವು ಗುಂಪು ಕಟ್ಟಿದ್ರೆ ರೋಗ ಕೆರಳೈತೆ ಅಂತ ಅರ್ಥ. "ಕ್ರಿಮಿ ಮಾತ್ರ ಇಲ್ಲ."

ಬೆಂಗ್ಳೂರಿನ ಕ್ಯಾನ್ಸರ್ ಡಾಕ್ಟ್ರಿಗೆ ಫೋನ್ ಮಾಡಿದ್ಲು. ಅವ್ರು ಕೇಳಿದ್ದು ಒಂದೇ: ಇದು ಹಳೇದೇ ಬೆಳೆದಿದ್ದಾ, ಹೊಸದಾಗಿ ಹುಟ್ಟಿದ್ದಾ? ಹೊಸದು, ಕ್ರಿಮಿಯಿಂದ ಹುಟ್ಟಿದ್ದು ಅಂದ್ರೆ ಮೊದ್ಲು ಮಾತ್ರೆ ಕೊಟ್ಟು ನೋಡ್ಬೋದು. ಹಳೇದೇ, ಕ್ರಿಮಿ ಹಂಗಿಲ್ದೆ ಬೆಳೆಯೋದು ಕಲ್ತೈತೆ ಅಂದ್ರೆ ಮಾತ್ರೆ ಕೆಲ್ಸಕ್ಕೆ ಬರಲ್ಲ, ಡ್ರಿಪ್ಪಿನಾಗೆ ಕೀಮೋ ಹಾಕ್ಬೇಕು, ತಡ ಮಾಡಂಗಿಲ್ಲ.

ಹಳೇದು ಹೊಸದು ಅಂತ ಹೆಂಗೆ ಗೊತ್ತಾಯ್ತದೆ ಅಂತ ನಾನೂ ಕೇಳಿದ್ದೆ. ಡಾಕ್ಟರಮ್ಮ ಹೇಳಿದ್ದನ್ನ ನನ್ನಂಗೆ ಹೇಳ್ತೀನಿ. ಈ ಜಾತಿ ಬಿಳಿ ಕಣ ಹುಟ್ಟೋವಾಗ ತನ್ನ ಜೀನಿನಾಗೆ ಒಂದು ಗುರುತು ಕೊರ್ಕಂಡ್ ಹುಟ್ಟುತ್ತೆ, ನಾವು ಕೈಮ್ಯಾಲೆ ಹಚ್ಚೆ ಹಾಕಿಸ್ಕಂತಿದ್ವಲ್ಲ ಅಂಗೆ. ಒಂದರ ಹಚ್ಚೆ ಇನ್ನೊಂದಕ್ಕಿರಲ್ಲ. ಗಾಯ ಆದ್ರೆ, ಜ್ವರ ಬಂದ್ರೆ ಬೇರೆ ಬೇರೆ ಹಚ್ಚೆಯೋವೆಲ್ಲ ಸೇರ್ತವೆ, ಅದು ಸಂತೆ ಇದ್ದಂಗೆ. ಸೇರ್ದೋವುಕ್ಕೆಲ್ಲ ಒಂದೇ ಹಚ್ಚೆ ಐತೆ ಅಂದ್ರೆ ಅದು ಸಂತೆ ಅಲ್ಲ, ಒಬ್ಬಳೇ ತಾಯಿ ಹೆತ್ತ ದಂಡು. ಮನುಷ್ಯರಾಗೆ ತಾಯಿ ಹಚ್ಚೆ ಮಗೂಗೆ ಬರಲ್ಲ, ಕಣದಾಗೆ ಬತ್ತದೆ. ಅಂಥ ದಂಡಿಗೆ ಕ್ಲೋನ್ ಅಂತಾರೆ. ಹಳೇ ಬ್ಲಾಕಿನ ಹಚ್ಚೆನೂ ಈಗಿನ ಹಚ್ಚೆನೂ ಪಕ್ಕ ಪಕ್ಕ ಇಟ್ಟು ನೋಡಿದ್ರೆ, ಇದು ಆ ಹಳೇ ತಾಯಿ ಸಂತಾನನಾ ಬೇರೆಯವಳದಾ ತಿಳೀತದೆ.

ಆ ಪರೀಕ್ಷೆ ಬೆಂಗ್ಳೂರಿನ ಜೀನ್ ಲ್ಯಾಬಿನಾಗೆ. ಉಳಿದಿದ್ದ ಪುಡಿಯನ್ನೇ ಕೊಯ್ದು ಕಳ್ಸಿದ್ವಿ. ಅಲ್ಲಿ ಮಿಷನ್ನಾಗೆ ಹಚ್ಚೆ ಗೆರೆಯಾಗಿ ಕಾಣ್ತದಂತೆ. ಅಲ್ಲಿನ ಹುಡ್ಗಿ ಫೋನ್ ಮಾಡಿದ್ಲು. "ಮೇಡಂ, ಒಂದು ಸಲ ಹಾಕಿದ್ರೆ ಗೆರೆ ಒಂದು ಜಾಗದಲ್ಲಿ ಬರುತ್ತೆ, ಇನ್ನೊಂದು ಸಲ ಹಾಕಿದ್ರೆ ಇನ್ನೊಂದು ಜಾಗದಲ್ಲಿ ಬರುತ್ತೆ. ಇದನ್ನ ನಂಬಬೇಡಿ."

ತುಂಡು ಒಣಗಿ ಒಳಗಿನ ಡಿಎನ್ಎ ಚೂರು ಚೂರಾಗ್ಬುಟ್ಟಿತ್ತು. ಸರಿಯಾಗಿ ಉಳ್ದಿರೋ ಕಣ ಕೈಬೆರಳಾಗೆ ಎಣಿಸೋವಷ್ಟಿದ್ರೆ, ಮಿಷನ್ನು ಅದ್ರಾಗೆ ಸಿಕ್ಕಿದ್ದೊಂದನ್ನ ಹಿಡ್ಕಂಡು ಅದನ್ನೇ ಸಾವಿರ ಸಲ ನಕಲು ಮಾಡಿ "ದಂಡು, ದಂಡು" ಅಂತ ಕೂಗ್ತದಂತೆ. ಸುಳ್ಳು ದಂಡು.

ಡಾಕ್ಟರಮ್ಮ ಕಲ್ಯಾಣದುರ್ಗದ ಕ್ಲಿನಿಕ್ಕಿಗೆ ಫೋನ್ ಹಚ್ಚಿ, ಬಾಟ್ಲು ಯಾಕೆ ತುಂಬಲ್ಲ ಅಂತ ಜಾಡ್ಸಿದ್ಲು. ಅಲ್ಲಿನ ನರ್ಸಮ್ಮ ತೆಲುಗಿನಾಗೆ, "ಮೀ ವ್ಯಾನಾಯನೇ ಸಗಂ ಪೊಯ್ಯಮನ್ನಾಡು ಮೇಡಂ" ಅಂದ್ಲು. ನಿಮ್ ವ್ಯಾನಿನವನೇ ಅರ್ಧ ಹುಯ್ಯಿ ಅಂದಿದ್ದು ಅಂತ.

ನಿಜ. ಫಾರ್ಮಾಲಿನ್ ವಾಸ್ನೆ ಗೊತ್ತಲ್ಲ, ಕಣ್ಣು ಕಿತ್ಕಂಡ್ ಬತ್ತದೆ. ಬ್ರೇಕ್ ಹಾಕಿದ್ರೆ ಮುಚ್ಚಳದಿಂದ ಸೋರಿ ವ್ಯಾನೆಲ್ಲ ನಾತ. ಅದುಕ್ಕೆ ಅರ್ಧ ಹುಯ್ಯಿ ಅಂತ ಇವ್ನು ಕಟ್ಟುಮಾಡಿದ್ದ. ಬಾಟ್ಲು ಬಂದ ತಕ್ಷಣ ನಾವೂ ಮಾತಾಡ್ದೆ ತುಂಬಿಸ್ಕಂತಿದ್ವಿ. ಯಾರಿಗೂ ಅದು ತಪ್ಪು ಅಂತ ಅನ್ಸಿರ್ಲಿಲ್ಲ.

ಮತ್ತೆ ಗಂಟಲಿಂದ ಹೊಟ್ಟೆಗೆ ಪೈಪ್ ಹಾಕಿ ಹೊಸ ತುಂಡು ತೆಗೀಬೇಕು ಅಂತ ಅವ್ನಿಗೆ ಹೇಳಿದ್ವಿ. "ಆಗ್ಲಿ ಅವ್ವಾ, ನಾಳೆ," ಅಂದ. ಆ ನಾಳೆ ಬರ್ಲೇ ಇಲ್ಲ. ಬಾಟ್ಲುಗಳ್ನ ವಾಚ್‌ಮನ್ ಕೈಗೆ ಕೊಟ್ಟು ಗೇಟಿಂದಾಚೆಗೇ ಹೋಯ್ತಿದ್ದ. ಫೋನ್ ಎತ್ತಲ್ಲ. ಡಾಕ್ಟರಮ್ಮನಿಗೆ ಸಿಟ್ಟು, ಸಂಕಟ ಎರಡೂ. "ಗೊತ್ತಿಲ್ದೆ ಕೀಮೋ ಹಾಕಿ ಅಂತ ಬರಿಯಲ್ಲ. ಗೊತ್ತಿಲ್ದೆ ಮಾತ್ರೆ ಸಾಕು ಅಂತಾನೂ ಬರಿಯಲ್ಲ. ಕಾದಷ್ಟೂ ಅದು ಬೆಳೀತದೆ," ಅಂದ್ಲು.

"ನಾನ್ ಹೋಯ್ತೀನಿ," ಅಂದೆ.

"ನಿಮ್ ಮಂಡಿ?"

"ಮಂಡಿನೂ ಕರ್ಕಂಡ್ ಹೋಯ್ತೀನಿ."

ಪೆನುಕೊಂಡ ದಾಟೋವಾಗ ಹೊಸ ಕಾರು ಹೊತ್ತ ಲಾರಿಗಳ ಸಾಲು, ಬಸ್ಸು ಅವುಗಳ ಹಿಂದೆ ತೆವಳ್ಕಂಡ್ ಹೋಯ್ತು. ಪಾವಗಡದಾಗೆ ಬಸ್ ಬದಲಾಯಿಸ್ದೆ. ಕಲ್ಯಾಣದುರ್ಗ ಮುಟ್ಟೋ ಹೊತ್ತಿಗೆ ಸೊಂಟ ನಂದಲ್ಲ ಅನ್ನಂಗಾಗಿತ್ತು. ಅವ್ನ ಹೆಂಡ್ತಿ ಬಸ್‌ಸ್ಟ್ಯಾಂಡ್ ಹತ್ರ ತಳ್ಳೋಗಾಡಿಯಾಗೆ ಉಗ್ಗಾನಿ ಬಜ್ಜಿ ಮಾರ್ತಾಳೆ. ನನ್ನ ನೋಡಿದ್ದೇ ಸ್ಟೂಲ್ ಎಳ್ದು ಕೂರ್ಸಿ, ನೆನೆಸಿದ ಮಂಡಕ್ಕಿಗೆ ಒಗ್ಗರಣೆ ಹಾಕಿ ಬಿಸಿಬಿಸಿ ಕೊಟ್ಲು.

"ನಿನ್ ಗಂಡ ಇದನ್ನ ತಿಂದು ತಿಂದು ಹೊಟ್ಟೆ ಕೆಡಿಸ್ಕಂಡ್ನೇನೋ," ಅಂದೆ.

"ಅಯ್ಯೋ ಪೋ ಅಮ್ಮಾ. ಈಗೆಲ್ಲಿ ತಿಂತಾನೆ? ಅರ್ಧ ಪ್ಲೇಟಿಗೇ ಎದ್ದೋಗ್ತಾನೆ." ಆಮ್ಯಾಕೆ ಮೆಲ್ಲಗೆ, ನಾನು ಮೆಚ್ಕಂತೀನೇನೋ ಅನ್ನೋ ಥರ ಹೇಳಿದ್ಲು. "ಆದ್ರೂ ಕೋರ್ಸ್ ಒಂದ್ ದಿನಾನೂ ತಪ್ಪಿಸ್ಲಿಲ್ಲ ಕಣಮ್ಮ. ನಾನೇ ಕೈಗೆ ಕೊಡ್ತಿದ್ದೆ."

"ಯಾವ್ ಕೋರ್ಸು?"

"ಅದೇ ಕ್ರಿಮಿ ಮಾತ್ರೆ, ಆವಾಗ ಡಾಕ್ಟ್ರು ಬರೆದಿದ್ದು. ಉರಿ ಶುರುವಾದಾಗ ಮೆಡಿಕಲ್ ಸ್ಟೋರಿನೋರು ಕೊಟ್ರು. ಅವ್ನ ವ್ಯಾನ್ನಾಗೇ ಬರೋ ಮಾತ್ರೆ ಅಲ್ವಾ. ಅದು ಮುಗಿಸಿನೇ ಪೈಪ್ ಹಾಕಿಸ್ಕಂಡಿದ್ದು."

ಪ್ಲೇಟ್ ಕೆಳಗಿಟ್ಟೆ. ಅಲ್ಲಿಂದ್ಲೇ ಡಾಕ್ಟರಮ್ಮನಿಗೆ ಫೋನ್ ಮಾಡ್ದೆ.

"ಅಂಗಾದ್ರೆ ಕ್ರಿಮಿ ಇಲ್ಲ ಅಂತ ನಾನಂದಿದ್ದೂ ನಂಬಂಗಿಲ್ಲ," ಅಂದ್ಲು. "ಆ ಮಾತ್ರೆ ತಿಂದ ಹೊಸದ್ರಾಗೆ ನೋಡಿದ್ರೆ ಕ್ರಿಮಿ ಇದ್ರೂ ಅಡಗಿರ್ತದೆ, ಕಾಣಲ್ಲ. ಈಗ ಹಚ್ಚೆ ಒಂದೇ ದಾರಿ. ಹೊಸ ತುಂಡು ಬೇಕೇ ಬೇಕು."

ಅವ್ನು ಗಾಡಿ ಹಿಂದೆ ಕೂತು ಈರುಳ್ಳಿ ಹೆಚ್ತಿದ್ದ. ನನ್ ದನಿ ಕೇಳಿಯೂ ಎದ್ದಿರ್ಲಿಲ್ಲ. ಪಕ್ಕದಾಗೆ ಹೋಗಿ ಕೂತೆ.

"ಪೈಪಿಗೆ ಹೆದ್ರಿ ಹೆಂಡ್ತಿ ಸೆರಗಿನ ಹಿಂದೆ ಬಚ್ಚಿಟ್ಕಂಡ್ಯೇನ್ಲಾ?"

"ಪೈಪಿಗಲ್ಲ ಅವ್ವಾ." ಈರುಳ್ಳಿ ನೆಪ ಇತ್ತು, ಕಣ್ಣು ಒರೆಸ್ಕಂಡ. "ಗೊತ್ತಾದ್ರೆ ವ್ಯಾನ್ ಬುಡಬೇಕು, ಡ್ರಿಪ್ ಹಾಕಿಸ್ಕಂಡು ಮಲಗಬೇಕು. ಗೊತ್ತಾಗ್ದಿದ್ರೆ ಹೆಂಗೋ ಓಡಿಸ್ಕಂಡ್ ಇರ್ತೀನಿ. ಆವಾಗ ಮಾತ್ರೆಯಾಗೇ ಹೋಗಿತ್ತಲ್ಲ, ಇನ್ನೊಂದ್ ಕೋರ್ಸ್ ತಿಂದ್ರೆ ಇದೂ ಹೋಯ್ತದೆ."

ಇದ್ದಿದ್ದನ್ನ ಇದ್ದಂಗೆ ಹೇಳ್ದೆ. ಬಾಟ್ಲು ಅರ್ಧ ಇದ್ದಿದ್ದು, ದಾರಿಯಾಗೆ ಕುಲುಕಿ ತುಂಡು ಮುಚ್ಚಳಕ್ಕೆ ಅಂಟಿದ್ದು, ಒಣಗಿ ಪುಡಿಯಾಗಿದ್ದು, ಬೆಂಗ್ಳೂರಿನೋರು ನಂಬಬೇಡಿ ಅಂದಿದ್ದು.

ಚಾಕು ಕೆಳಗಿಟ್ಟ. ತನ್ ಹೊಟ್ಟೆ ಬಗ್ಗೆ ಏನೋ ಕೇಳ್ತಾನೆ ಅಂತ ನಾನು ಕಾಯ್ತಿದ್ರೆ, ಕೇಳಿದ್ದೇ ಬೇರೆ.

"ಅಂದ್ರೆ ಇಷ್ಟ್ ವರ್ಷ ನಾನ್ ತಂದಿರೋ ಬಾಟ್ಲೆಲ್ಲ?"

ಸುಳ್ಳು ಹೇಳ್ಬೋದಿತ್ತು. "ಬಾಳಷ್ಟು ಚೆನ್ನಾಗೇ ಬಂದವೆ ಕಣಪ್ಪ," ಅಂದೆ. "ಕೆಲವು ಬಂದಿಲ್ಲ. ಬರ್ದೇ ಇದ್ದಾಗ ಮತ್ತೆ ಪೈಪ್ ಹಾಕಿಸ್ಕಂಡ್ ಬನ್ನಿ ಅಂತ ವಾಪಸ್ ಕಳ್ಸಿದ್ದೀವಿ."

"ಅವ್ರೆಲ್ಲ ಮತ್ತೆ ಬಂದ್ರಾ?"

"ಕೆಲವ್ರು ಬಂದ್ರು."

ಹೆಂಡ್ತಿ ಬಾಣಲೆಯಿಂದ ಬಜ್ಜಿ ಎತ್ತೋದು ಬುಟ್ಟು ನಮ್ ಕಡೆನೇ ನೋಡ್ತಿದ್ಲು, ಬಜ್ಜಿ ಕರ್ರಗಾಯ್ತು. ಅವ್ನು ಎದ್ದು, "ನಾಳೆ ಬೆಳಿಗ್ಗೆ ಏನೂ ತಿನ್ನಲ್ಲ," ಅಂತ ಅವಳಿಗೆ ಹೇಳ್ದ. ಪೈಪ್ ಹಾಕೋಕೆ ಹೊಟ್ಟೆ ಖಾಲಿ ಇರ್ಬೇಕು. ಅಲ್ಲಿಗೆ ಅವ್ನು ಒಪ್ದ ಅಂತ ಇಬ್ರಿಗೂ ತಿಳೀತು.

ಮಾರನೇ ದಿನ ಕ್ಲಿನಿಕ್ಕಿನಾಗೆ ನಾನು ತಲೆ ಹತ್ರ ನಿಂತಿದ್ದೆ. ಒಂದು ಕೈಯಾಗೆ ಅವ್ನ ಕೈ, ಇನ್ನೊಂದ್ರಾಗೆ ಬಾಟ್ಲು, ಕಂಠಮಟ್ಟ ತುಂಬ್ಸಿದ್ದು. ಟಿವಿಯಂಥ ಪರದೆ ಮ್ಯಾಲೆ ಹೊಟ್ಟೆ ಕಾಣ್ತಿತ್ತು. ಕೆಂಪು ಗೋಡೆ, ನಡುವೆ ಒಂದು ಹುಣ್ಣು, ಅಂಚು ದಪ್ಪಗೆ ಎದ್ದೈತೆ. ಸ್ಕೋಪಿನ ಡಾಕ್ಟ್ರು ಹುಣ್ಣಿನ ಅಂಚಿಂದ, ಪಕ್ಕದಿಂದ, ದೂರದ ಚೆನ್ನಾಗಿರೋ ಜಾಗದಿಂದ ತುಂಡು ಚಿವುಟಿದ್ರು. ಒಂದೊಂದು ಜಾಗಕ್ಕೂ ಬೇರೆ ಬಾಟ್ಲು. ಚಿವುಟಿದಾಗ್ಲೆಲ್ಲ ನನ್ ಬೆರಳು ಮುರ್ದೋಗಂಗೆ ಹಿಡೀತಿದ್ದ.

ಪೈಪ್ ಆಚೆ ಬಂದ್ ತಕ್ಷಣ, ಗಂಟಲು ಕಟ್ಟಿದ್ರೂ, "ನೀನ್ ನಕ್ಕಿದ್ದು ಕಾಣಿಸ್ತು ಅವ್ವಾ," ಅಂದ.

"ನಗ್ಲಿಲ್ಲ ಕಣ್ಲಾ. ನನ್ ಮುಖನೇ ಅಂಗೈತೆ."

ವ್ಯಾನ್ನಾಗೆ ಕಳಿಸ್ಲಿಲ್ಲ. ಅವ್ನ ಹೆಂಡ್ತಿ ಹತ್ರ ಒಂದು ಸ್ಟೀಲ್ ಡಬ್ಬಿ ಈಸ್ಕಂಡು, ಅಕ್ಕಿ ತುಂಬ್ಸಿ, ಅಕ್ಕಿಯಾಗೆ ಬಾಟ್ಲುಗಳ್ನ ನೆಟ್ಟಗೆ ಹೂತಿಟ್ಟು ಮಡಿಲಾಗೆ ಇಟ್ಕಂಡು ಬಸ್ ಹತ್ತಿದೆ. ಪಕ್ಕದ ಸೀಟಿನೋಳು ಬಗ್ಗಿ ಬಗ್ಗಿ ನೋಡಿ, "ಏಂ ಊರಗಾಯ ಅಮ್ಮಾ?" ಅಂದ್ಲು. ಯಾವ ಉಪ್ಪಿನಕಾಯಿ ಅಂತ.

"ನಿನಗೆ ಸೇರಲ್ಲ ಬುಡಮ್ಮ," ಅಂದೆ.

ಹೊಸ ತುಂಡು ಕೊಯ್ಯೋದು ಕಷ್ಟ ಆಗ್ಲಿಲ್ಲ. ಗಾಜು ನೋಡಿ ಡಾಕ್ಟರಮ್ಮ ತಲೆ ಎತ್ದೆನೇ, "ಗುಂಪಾಗೇ ಅವೆ," ಅಂದ್ಲು. ದೊಡ್ಡ ಕಣಗಳು. ಹುಣ್ಣಿನ ಅಂಚೆಲ್ಲ ಅವೇ. ಪಕ್ಕದ ತುಂಡಿನಾಗೆ ಹಳೇ ಥರದ ಸಣ್ಣೋವು.

ಕಷ್ಟ ಆಗಿದ್ದು ಹಳೇ ಬ್ಲಾಕು. ಆವತ್ತು ಪರೀಕ್ಷೆ ಮ್ಯಾಲೆ ಪರೀಕ್ಷೆ ಅಂತ ಕೊಯ್ದು ಕೊಯ್ದು ಅದ್ರಾಗೆ ಮಾಂಸ ಬಿದಿಗೆ ಚಂದ್ರನ ಥರ ಒಂದು ಗೆರೆ ಉಳ್ದಿತ್ತು. ಹಚ್ಚೆ ನೋಡಕ್ಕೆ ಅಷ್ಟೂ ಬೇಕು. ಕೊಯ್ದ್ರೆ ಆಮ್ಯಾಕೆ ಏನೂ ಉಳಿಯಲ್ಲ. ಮುಂದೆ ಯಾರಾದ್ರೂ ಬೇರೆ ಪರೀಕ್ಷೆ ಕೇಳಿದ್ರೆ ಕೈ ಖಾಲಿ. ಕೆಟ್ರೆ, ಹೋಲ್ಸಿ ನೋಡಕ್ಕೆ ಹಳೇದೇ ಇರಲ್ಲ.

ಡಾಕ್ಟರಮ್ಮ ಬ್ಲಾಕನ್ನ ಕಿಟಕಿ ಹತ್ರ ಹಿಡ್ದು ನೋಡಿ ನನ್ ಕೈಗೆ ಕೊಟ್ಲು. "ಉಳಿಸ್ಬೇಡಿ. ಎಲ್ಲಾ ಕೊಯ್ರಿ."

ಫ್ಯಾನ್ ಆಫ್ ಮಾಡ್ದೆ. ಮಿಷನ್ನೆಲ್ಲ ಒರ್ಸಿ ಹೊಸ ಬ್ಲೇಡ್ ಹಾಕಿದೆ. ಬೇರೆಯವ್ರ ಮಾಂಸದ ಒಂದು ಎಸಳು ಸೇರಿದ್ರೂ ಅವ್ರ ಹಚ್ಚೆ ಇವ್ನ ಲೆಕ್ಕಕ್ಕೆ ಬತ್ತದೆ. ಮಾಮೂಲಿ ಆದ್ರೆ ಕೊಯ್ಯೋಕ್ ಮುಂಚೆ ಬ್ಲಾಕ್ ಮ್ಯಾಲೆ "ಹಾ" ಅಂತ ಬಾಯಿಂದ ಬಿಸಿ ಊದ್ತೀನಿ, ಮೇಣ ಮೆತ್ತಗಾಗಿ ಪದರ ಮುರಿಯಲ್ಲ. ಆವತ್ತು ಊದಂಗಿಲ್ಲ, ನನ್ ಉಸಿರಿನಾಗೆ ನನ್ ಡಿಎನ್ಎ ಐತೆ. ಮಾಸ್ಕ್ ಕಟ್ಕಂಡು, ಉಸಿರು ಬಿಗಿಹಿಡ್ದು ಚಕ್ರ ತಿರುಗ್ಸಿದೆ. ಮೊದಲ್ನೇ ಸುರುಳಿ ಒಡೆದು ಪುಡಿಯಾಗಿ ಬ್ಲೇಡಿಗೆ ಅಂಟ್ಕಂತು. ಬ್ಲಾಕನ್ನ ಐಸ್ ಮ್ಯಾಲೆ ಇಟ್ಟು ಎದ್ದೋಗಿ ಹಿತ್ಲಾಗೆ ನಿಂತ್ಕಂಡು ಬಂದೆ. ವಾಪಸ್ ಕೂತು ಇನ್ನೂ ನಿಧಾನಕ್ಕೆ ತಿರುಗ್ಸಿದೆ. ಈ ಸಲ ಪದರ ಸುತ್ಕಂಡ್ ಸುತ್ಕಂಡ್ ಬಂತು. ಸೂಜಿಯಾಗೆ ಎತ್ತಿ ಸಣ್ಣ ಟ್ಯೂಬಿಗೆ ಹಾಕ್ದೆ. ಕೊನೆಗೆ ಬ್ಲಾಕಿನಾಗೆ ಬರೀ ಬೆಳ್ಳನೆ ಮೇಣ ಉಳೀತು.

ನಡುವಿನ ಬ್ಲಾಕನ್ನೂ ಕೊಯ್ದು ಸೇರಿಸಿ ಅಂದ್ಲು ಡಾಕ್ಟರಮ್ಮ. ನಡುವಿಂದು ಅಂದ್ರೆ ಮಾತ್ರೆ ಆದ್ ಮ್ಯಾಲೆ ತೆಗ್ದ, ಏನೂ ಕಾಣ್ಲಿಲ್ಲ ಅಂತ ನಾವೆಲ್ಲ ತಾಟಿನಿಂಗು ತಿಂದಿದ್ದ ತುಂಡು.

ಬೆಂಗ್ಳೂರಿನಿಂದ ಉತ್ತರ ಬರೋವರ್ಗೂ ನಮ್ ಲ್ಯಾಬಿನಾಗೆ ಯಾರೂ ಜೋರಾಗಿ ನಗ್ಲಿಲ್ಲ. ಅವ್ನು ದಿನಾ ಬರ್ತಿದ್ದ, ಬಾಟ್ಲು ಕೊಡ್ತಿದ್ದ. ಏನಾಯ್ತು ಅಂತ ಕೇಳ್ತಿರ್ಲಿಲ್ಲ. ನಾನೂ ಬೇಕಂತ್ಲೇ ಬೇರೆ ಕಡೆ ತಿರುಗಿರ್ತಿದ್ದೆ.

ಉತ್ತರ ಬಂತು. ಈ ಸಲ ಎಷ್ಟು ಸಲ ಹಾಕಿದ್ರೂ ಗೆರೆ ಒಂದೇ ಜಾಗದಾಗೆ ಬಂತಂತೆ. ಹಳೇ ಬ್ಲಾಕಿಂದು, ಹೊಸ ಸಣ್ಣ ಕಣದ್ದು, ಹೊಸ ದೊಡ್ಡ ಕಣದ್ದು, ಎಲ್ಲಾ ಒಂದೇ ಹಚ್ಚೆ. ಒಬ್ಬಳೇ ತಾಯಿ. ದೊಡ್ಡ ಕಣದಾಗೆ ಮಾತ್ರ ಆ ಹಳೇ ಹಚ್ಚೆ ಮ್ಯಾಲೆ ಹೊಸ ಹೊಸ ಚುಕ್ಕಿ ಎದ್ದವೆ. ಸಾಲದು ಅಂತ, ಬೆಳೆಯೋ ಕಣಕ್ಕೆ ಬ್ರೇಕ್ ಹಾಕೋ ಒಂದು ಜೀನೂ ಮುರ್ದೋಗೈತೆ. ನಡುವಿನ ತುಂಡಿನಾಗೂ ಅದೇ ಗೆರೆ, ತುಂಬಾ ಮಸುಕಾಗಿ. ಕ್ಯಾನ್ಸರ್ ಹೋಯ್ತು ಅಂತ ಅವ್ನು ಕುಣ್ದಾಡ್ದ ದಿನಾನೂ ಆ ತಾಯಿ ಮಕ್ಕಳು ಅಲ್ಲೇ ಇದ್ವು, ಕೆಲವೇ, ಸದ್ದಿಲ್ದೆ.

"ಅಂಥೋವು ಸುಮಾರ್ ಜನರಾಗೆ ಹಂಗೇ ಸುಮ್ಕೆ ಇದ್ದೋಗ್ತವೆ, ಕೆರಳೋದೇ ಇಲ್ಲ," ಅಂದ್ಲು ಡಾಕ್ಟರಮ್ಮ. "ಇವ್ನವು ಯಾಕೆ ಕೆರಳಿದ್ವು ಅಂತ ನನಗೂ ಗೊತ್ತಿಲ್ಲ." ಇದು ಈಗ ಕ್ರಿಮಿಯ ಹಂಗಿಂದಲ್ಲ, ಮಾತ್ರೆಯಿಂದ ಆಗಲ್ಲ ಅಂತ ಬೆಂಗ್ಳೂರಿನ ಡಾಕ್ಟ್ರೂ ಹೇಳ್ಬುಟ್ರು.

ಅವ್ನ ಕರ್ಸಿದ್ಲು. ಕುರ್ಚಿ ತೋರ್ಸಿದ್ರೂ ಕೂರ್ಲಿಲ್ಲ. ಎಲ್ಲಾ ನಿಂತೇ ಕೇಳ್ದ. ಹಚ್ಚೆ, ತಾಯಿ, ದಂಡು ಅಂತ ನಾನೂ ನಡುನಡುವೆ ಬಾಯಿ ಹಾಕ್ದೆ. ಎಲ್ಲಾ ಮುಗಿದ್ ಮ್ಯಾಲೆ ಮೈಕ್ರೋಸ್ಕೋಪ್ ಕಡೆ ಕೈ ತೋರ್ಸಿ, "ನೋಡ್ಬೋದಾ ಅವ್ವಾ?" ಅಂದ. ಇಷ್ಟ್ ವರ್ಷ ಬಾಟ್ಲು ತಂದೋನು, ಒಳಗೇನೈತೆ ಅಂತ ಒಂದ್ ದಿನಾನೂ ಕೇಳಿರ್ಲಿಲ್ಲ.

ಹೊಸ ಗಾಜು ಇಟ್ಟು ಫೋಕಸ್ ಕೂಡಿಸ್ಕೊಟ್ಟೆ. ಒಂದು ಕಣ್ಣು ಮುಚ್ಕಂಡು ನೋಡ್ದ. ನೇರಳೆ ಚುಕ್ಕಿ, ಒತ್ತೊತ್ತಾಗಿ, ಗಾಜಿನ ತುಂಬ.

"ಇವೆಲ್ಲ ನನ್ನವೇನಾ?"

"ನಿನ್ನವೇ ಕಣಪ್ಪ."

"ಮತ್ತೆ ನನ್ ಮಾತ್ಯಾಕ್ ಕೇಳಲ್ಲ?"

ನಾನು ಗಾಜು ಒರೆಸೋ ಬಟ್ಟೆ ಕೈಗೆ ತಕಂಡು ಒರೆಸ್ತಾ ನಿಂತ್ಕಂಡೆ.

ಡ್ರಿಪ್ ಯಾವಾಗಿಂದ ಅಂತ ಕೇಳ್ದ. ಸೋಮವಾರ ಬೆಂಗ್ಳೂರಿಗೆ ಹೋಗ್ಬೇಕು ಅಂದ್ಲು ಡಾಕ್ಟರಮ್ಮ. ಅಲ್ಲೇ ನಿಂತು ಫೋನ್ ತೆಗ್ದು ವ್ಯಾನ್ ಓನರಿಗೆ ಹಚ್ಚಿದ. "ಸಾರ್, ಸೋಮವಾರಂ ನುಂಚಿ ವೇರೇವಾಳ್ಳನಿ ಚೂಸ್ಕೋಂಡಿ." ಸೋಮವಾರದಿಂದ ಬೇರೆಯವ್ರನ್ನ ನೋಡ್ಕಳಿ ಅಂತ.

ಆ ಕಡೆಯಿಂದ ಓನರ್ ದನಿ ನಮಗೂ ಕೇಳಿಸ್ತು. "ಎನ್ನಾಳ್ಳುರಾ?" ಎಷ್ಟ್ ದಿನಕ್ಕೆ ಅಂತ.

ಫೋನ್ ಕಿವಿಗೆ ಹಿಡ್ಕಂಡೇ ಡಾಕ್ಟರಮ್ಮನ ಮುಖ ನೋಡ್ದ. ಅವಳು ನನ್ ಮುಖ ನೋಡಿದ್ಲು.

"ಇಂಕಾ ತೆಲೀದು ಸಾರ್," ಅಂದ. ಇನ್ನೂ ಗೊತ್ತಿಲ್ಲ.